ಹಳೆ ಸ್ಟಾಕಿನ ಇಎಲ್84, ಇಸಿಸಿ83: ವರ್ಷಗಟ್ಟಲೆ ಬಳಸಿದ ಮೇಲೆ

ವಾಲ್ವ್ ಅಂದರೆ ಹಳೆ ಕಾಲದ ರೇಡಿಯೋ, ಆಂಪ್ಲಿಫೈಯರ್‌ಗಳ ಗಾಜಿನ ನಿರ್ವಾತ ಕೊಳವೆ. ಇಎಲ್84 ಸ್ಪೀಕರ್ ದುಡಿಸುವ ಔಟ್‌ಪುಟ್ ವಾಲ್ವ್, ಇಸಿಸಿ83 ಅದಕ್ಕೂ ಮೊದಲು ಸಿಗ್ನಲ್ ಹಿಗ್ಗಿಸುವ ಸಣ್ಣ ವಾಲ್ವ್. ಹಳೆ ವಾಲ್ವ್ ಮಾರುವವರದು ಸಾಮಾನ್ಯವಾಗಿ ಒಂದೇ ಮಾತು: "ಬಳಸಿಯೇ ಇಲ್ಲ, ಗೋದಾಮಿನಲ್ಲಿ ಇದ್ದದ್ದು." ನನ್ನ ಆಂಪ್ಲಿಫೈಯರ್‌ಗೆ ತರಿಸಿದ ನಾಲ್ಕು ಇಎಲ್84ಗಳಲ್ಲಿ ಎರಡರ ಪಿನ್ ಮೇಲೆ ಸಾಕೆಟ್ ಉಜ್ಜಿದ ಗೀರುಗಳಿದ್ದವು. ಡಬ್ಬಿ ಮಾತ್ರ ಗರಿಗರಿ. ಕೇಳಿದರೆ, ಟೆಸ್ಟ್ ಮಾಡುವಾಗ ಆದದ್ದು ಅಂದರು. ಒಂದೆರಡು ಸಲ ಚುಚ್ಚಿ ತೆಗೆದರೆ ಅಷ್ಟು ಆಳ ಗೀರು ಬೀಳುವುದಿಲ್ಲ. ಟೆಸ್ಟ್ ಮಾಡಿದ್ದರೆ ರೀಡಿಂಗ್ ಕಳಿಸಿ ಅಂದೆ. ಆಮೇಲೆ ಉತ್ತರವೇ ಇಲ್ಲ.

ಆ ಎರಡರಲ್ಲಿ ಒಂದು ಮೊದಲ ವರ್ಷವೇ ಕೈಕೊಟ್ಟಿತು. ಸಂಜೆ ದೀಪ ಆರಿಸಿ ಕೂತಿದ್ದಾಗ ಪ್ಲೇಟ್ ಕೆಂಪಾಗುತ್ತಿರುವುದು ಕಂಡಿತು. ಕೆಂಡದ ಬಣ್ಣ ಬರಬೇಕಾದದ್ದು ನಡುವಿನ ಹೀಟರ್‌ಗೆ. ಹೊರಗಿನ ಬೂದು ತಗಡಿಗೆ, ಅಂದರೆ ಪ್ಲೇಟಿಗೆ, ಬಂದರೆ ತಕ್ಷಣ ಸ್ವಿಚ್ ಆರಿಸಬೇಕು. ಇನ್ನೊಂದು ಕಡೆ, ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಹೊಳಪಿಗೆ ಹೆದರಬೇಕಿಲ್ಲ. ಎಷ್ಟೋ ಒಳ್ಳೆ ವಾಲ್ವ್‌ಗಳಲ್ಲಿ ಅದು ಇದ್ದೇ ಇರುತ್ತದೆ.

ಔಟ್‌ಪುಟ್ ವಾಲ್ವ್ ಸುಮಾರು 2000 ಗಂಟೆ ಬಾಳುತ್ತದೆ ಅನ್ನುವುದು ರೂಢಿಯ ಲೆಕ್ಕ. ದಿನಕ್ಕೆ ಎರಡು ಗಂಟೆ ಕೇಳಿದರೆ ಮೂರು ವರ್ಷವೂ ಆಗಲಿಲ್ಲ. ಇಎಲ್84ರ ಪ್ಲೇಟಿಗೆ 12 ವಾಟ್ ಮಿತಿ. ಬಹಳ ಆಂಪ್‌ಗಳು ಅದನ್ನು ಆ ಮಿತಿಯ ಪಕ್ಕದಲ್ಲೇ ದುಡಿಸುತ್ತವೆ, ನನ್ನದೂ ಅಷ್ಟೇ. ಕ್ಯಾಥೋಡ್ ಮೇಲಿನ ಬೇರಿಯಂ, ಸ್ಟ್ರಾನ್ಷಿಯಂ ಲೇಪ ಸವೆಯುತ್ತಾ ಹೋಗುತ್ತದೆ, ಎಲೆಕ್ಟ್ರಾನ್ ಹೊರಡುವುದು ಕಡಿಮೆಯಾಗುತ್ತದೆ. ಡಬ್ಬಿಯ ಮೇಲೆ ಯಾವ ದೊಡ್ಡ ಹೆಸರಿದ್ದರೂ ಇದು ತಪ್ಪಿದ್ದಲ್ಲ. ಹಾಗಾಗಿ ಔಟ್‌ಪುಟ್‌ಗೆ ಹಳೆ ಸ್ಟಾಕ್ ಹುಡುಕಿ ದುಬಾರಿ ದುಡ್ಡು ಕೊಡುವುದು ನನ್ನ ಜೇಬಿಗೆ ಹೊಂದುವುದಿಲ್ಲ.

ಇಷ್ಟು ಗೊಣಗಿದ ಮೇಲೆ ಇಸಿಸಿ83 ವಿಷಯಕ್ಕೆ ಬರುತ್ತೇನೆ. ಅಮೆರಿಕದ ಹೆಸರು 12ಎಎಕ್ಸ್7. ಅದೇ ಪಾರ್ಸೆಲ್‌ನಲ್ಲಿ ಬಂದ ಒಂದು ಜೊತೆ, ಮುಲ್ಲಾರ್ಡ್ ಕಂಪನಿಯದು. ಗಾಜಿನ ಬುಡದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಮಾಸಲು ಅಕ್ಷರಗಳು. ಬಿ3ಡಿ2 ಅಂತಿದ್ದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, 3ರಲ್ಲಿ ಮುಗಿಯುವ ವರ್ಷ, ಏಪ್ರಿಲ್, ಎರಡನೇ ವಾರ. 1963ರದೋ 1973ರದೋ ಅಂತ ಆ ಅಂಕಿ ಹೇಳುವುದಿಲ್ಲ, ಒಳಗಿನ ರಚನೆ ನೋಡಿ ಊಹಿಸಬೇಕು. ನಾನು ನಂಬುವುದು ಈ ಕೋಡನ್ನೇ, ಮೇಲಿನ ಬಿಳಿ ಮುದ್ರೆಯನ್ನಲ್ಲ. ಅಸಲಿ ಮುದ್ರೆ ಬೆರಳು ತಾಗಿದರೆ ಅಳಿಸುವಷ್ಟು ನಾಜೂಕು. ಉಜ್ಜಿದರೂ ಹೋಗದ ಹೊಳೆಯುವ ಅಚ್ಚು ಕಂಡರೆ ನನಗೆ ಅನುಮಾನವೇ ಜಾಸ್ತಿ.

ನೆತ್ತಿಯ ಬೆಳ್ಳಿ ಮೆರುಗನ್ನೂ ನೋಡಿ. ಅದು ಹಾಲುಬಿಳಿ ಆಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ. ಬೆಳ್ಳಿ ದಟ್ಟವಾಗಿದ್ದ ಮಾತ್ರಕ್ಕೆ ಬಾಳಿಕೆ ಜಾಸ್ತಿ ಅಂತೇನೂ ಇಲ್ಲ.

ಹಾಕಿದ ದಿನ, ತಟ್ಟಿದ ಸದ್ದು ಸ್ಪೀಕರಿಗೆ ಬರುತ್ತದೋ ನೋಡಲು, ಎರಡೂ ಇಸಿಸಿ83ಗಳನ್ನು ಪೆನ್ಸಿಲ್ ಹಿಂಬದಿಯ ರಬ್ಬರಿನಿಂದ ಮೆಲ್ಲಗೆ ತಟ್ಟಿದೆ. ಒಂದು ಸುಮ್ಮನಿತ್ತು. ಇನ್ನೊಂದು ಸ್ಪೀಕರಿನಲ್ಲಿ ಟಿಣ್ ಅಂದಿತು. ಟಿಣ್ ಅಂದದ್ದನ್ನು ಸಿಗ್ನಲ್ ಇನ್ನೂ ಸಣ್ಣದಾಗಿರುವ ಮೊದಲ ಹಂತದಿಂದ ತೆಗೆದು ಮುಂದಿನ ಹಂತಕ್ಕೆ ಹಾಕಿದೆ, ಆ ಟಿಣ್ ಸದ್ದು ಹೋಯಿತು. ಅಂದಿನಿಂದ ಇಂದಿನವರೆಗೆ ಎರಡೂ ಹಾಗೇ ಇವೆ. ಇದರ ಗಾಜಿನೊಳಗೆ ಎರಡು ಭಾಗ, ಒಂದೊಂದು ಭಾಗದಲ್ಲಿ ಒಂದು ಮಿಲಿಆಂಪಿಯರ್ ಆಸುಪಾಸು ಕರೆಂಟ್ ಅಷ್ಟೇ. ಇಂಥ ಸಣ್ಣ ವಾಲ್ವ್ 10000 ಗಂಟೆ ದಾಟುವುದು ಅಪರೂಪವಲ್ಲ. ಧ್ವನಿಯಲ್ಲಿ ಹಳೇದು, ಹೊಸದು ಅಂತ ದೊಡ್ಡ ಮಾತು ಆಡಲಾರೆ. ಹಿಸ್ ಕಡಿಮೆ, ಕೊಳಲಿನ ಉಸಿರು ಚೆನ್ನಾಗಿ ಕೇಳುತ್ತದೆ. ಅಷ್ಟು ಸಾಕು.

ತಿಂಗಳಿಗೊಮ್ಮೆ, ಪೂರ್ತಿ ತಣ್ಣಗಾದ ಮೇಲೆ, ಬುಡದ ಹತ್ತಿರ ಬಟ್ಟೆಯಲ್ಲಿ ಹಿಡಿದು, ಕೂದಲೆಳೆಯಷ್ಟು ಆಚೀಚೆ ಆಡಿಸಿ ನೇರಕ್ಕೆ ಎಳೆಯುತ್ತೇನೆ. ಪಿನ್ ಒರೆಸಿ ವಾಪಸ್. ಹೀಗೆ ಮಾಡಲೇಬೇಕು ಅಂತಿಲ್ಲ. ನಿಜ ಹೇಳಬೇಕೆಂದರೆ ಅಷ್ಟೊಂದು ಸಲ ತೆಗೆದರೆ ಸಾಕೆಟ್ಟೇ ಸಡಿಲವಾಗುತ್ತದೆ. ಆದರೆ ಆ ಕೆಲಸ ನನಗೆ ಇಷ್ಟ.

ಸೋವಿಯತ್ ಕಾಲದ ಸ್ಟಾಕ್ ಹುಡುಕುವವರಿಗೆ ಒಂದು ಎಚ್ಚರಿಕೆ. ಇಎಲ್84 ಬದಲು 6ಪಿ14ಪಿ-ಇವಿ ಸಿಕ್ಕರೆ ತಗೊಳ್ಳಿ, ಅದು ಹೆಚ್ಚು ಬಾಳಿಕೆಗೆಂದೇ ಮಾಡಿದ್ದು. ಇಸಿಸಿ83ಕ್ಕೆ 6ಎನ್2ಪಿ ಸಮ ಅಂತ ಯಾರಾದರೂ ಮಾರಿದರೆ ಬೇಡ. ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಹತ್ತಿರ ಹತ್ತಿರ ಇದೆ, ಆದರೆ ಹೀಟರ್ ಪಿನ್‌ಗಳ ಜೋಡಣೆಯೇ ಬೇರೆ.

ಈಗ ಔಟ್‌ಪುಟ್‌ನಲ್ಲಿರುವುದು ಇಂದಿನ ತಯಾರಿಕೆಯ, ಒಂದಕ್ಕೊಂದು ಹೊಂದುವಂತೆ ಅಳೆದು ಆರಿಸಿದ ಸೆಟ್. ಅಂಕ ಕೊಡುವುದಾದರೆ ಇಸಿಸಿ83ಗೆ ಐದಕ್ಕೆ ಐದು. ಇಎಲ್84ಗೆ ಎರಡು. ಮಾರಿದವರಿಗೆ ಒಂದು, ಅದೂ ಪ್ಯಾಕಿಂಗ್ ಚೆನ್ನಾಗಿತ್ತು ಅಂತ.