ಹಸಿವಿನ ಜೀನ್ ನೋಡಿ ಬಿಪಿ ಹೇಳುವ ಡಿಎನ್ಎ ಕಿಟ್: ಐದಕ್ಕೆ ಎರಡು ಸ್ಟಾರ್

ಉಗುಳು ಕಳಿಸಿದರೆ ಜೀನ್ ನೋಡಿ ಹಸಿವು, ತೂಕ, ಬಿಪಿ ಬಗ್ಗೆ ರಿಪೋರ್ಟ್ ಕೊಡುವ ಕಿಟ್ ಇದು. ಕಂಪನಿ ಹೆಸರು ಬರೆಯುವುದಿಲ್ಲ, ನನಗೆ ಹೇಳಬೇಕಿರುವುದು ರಿಪೋರ್ಟಿನ ಬಗ್ಗೆ.

ಕಿಟ್ ಚೆನ್ನಾಗಿದೆ. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು ಟ್ಯೂಬಿನ ಗೆರೆ ಮುಟ್ಟುವಷ್ಟು ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ಅಷ್ಟೇ ಕೆಲಸ.

ತಕರಾರು ಇರುವುದು 'ಹಸಿವು ಮತ್ತು ಬಿಪಿ' ಪುಟದಲ್ಲಿ. ಗ್ರೆಲಿನ್ ಜೀನಿನ ಲ್ಯೂ72ಮೆಟ್ (ಪ್ರೋಟೀನ್ ಸರದ 72ನೇ ಅಮೈನೋ ಆಮ್ಲ ಬದಲಾಗಿರುವುದು) ಅನ್ನುವ ಒಂದೇ ಒಂದು ವ್ಯತ್ಯಾಸ ನೋಡಿ, ಕೆಂಪು ಅಕ್ಷರದಲ್ಲಿ 'ಬಿಪಿ ಅಪಾಯ ಜಾಸ್ತಿ' ಅಂತ ಹಾಕಿಬಿಟ್ಟಿದ್ದಾರೆ. ಇದು ತಪ್ಪು. ಗ್ರೆಲಿನ್ ಅಂದರೆ ಹೊಟ್ಟೆ ಖಾಲಿಯಾದಾಗ ಜಠರದಿಂದ ಬರುವ ಹಾರ್ಮೋನು, 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ತಂಡ ಪತ್ತೆ ಮಾಡಿದ್ದು. ಅದನ್ನು ರಕ್ತಕ್ಕೆ ಕೊಟ್ಟರೆ ಬಿಪಿ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಈ 72ನೇ ಜಾಗ ಹಾರ್ಮೋನಿನ ಒಳಗೇ ಇಲ್ಲ! ದೇಹ ಮೊದಲು 117 ಅಮೈನೋ ಆಮ್ಲಗಳ ಉದ್ದನೆಯ ಸರ ಮಾಡುತ್ತದೆ, ಅದರಿಂದ 28ರ ಒಂದು ತುಂಡು ಕತ್ತರಿಸಿಕೊಂಡರೆ ಅದೇ ಗ್ರೆಲಿನ್, ವ್ಯತ್ಯಾಸ ಇರುವುದು ಉಳಿದ ಭಾಗದಲ್ಲಿ. ಇದಕ್ಕೂ ಬಿಪಿಗೂ ನಂಟಿದೆಯಾ ಅಂತ ಹುಡುಕಿದ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಅಂಥದ್ದಕ್ಕೆ ಕೆಂಪು ಅಕ್ಷರ ಯಾಕೆ?

ಇಷ್ಟವಾಗಿದ್ದು ಲೆಪ್ಟಿನ್ ಪುಟ. ಎರಡು ಸ್ಟಾರ್ ಬಂದಿದ್ದೇ ಅದರಿಂದ. ಲೆಪ್ಟಿನ್ ಕೊಬ್ಬಿನಿಂದ ಹೊರಟು ಮೆದುಳಿಗೆ 'ಸಾಕು' ಅನ್ನುತ್ತದೆ, ಜೊತೆಗೆ ನರಗಳನ್ನೂ ಕೆರಳಿಸುತ್ತದೆ. ಆಗ ರಕ್ತನಾಳ ಬಿಗಿಯುತ್ತದೆ, ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಈ ಸುದ್ದಿ ದಾಟಿಸುವ ಎಂಸಿ4ಆರ್ ಅನ್ನುವ ಜೀನ್ ಕೆಟ್ಟಿರುವವರಿಗೆ ವಿಪರೀತ ಹಸಿವು, ತೂಕವೂ ಜಾಸ್ತಿ. ಆದರೂ ಅಷ್ಟೇ ತೂಕದ ಬೇರೆಯವರಿಗಿಂತ ಅವರ ಬಿಪಿ ಕಡಿಮೆ ಅಂತ 2009ರಲ್ಲಿ ಗೊತ್ತಾಯಿತು. ದಪ್ಪ ಇದ್ದರೆ ಬಿಪಿ ಬಂದೇ ಬರುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ನಡುವೆ ಈ ನರಗಳ ಕೈವಾಡ ಇರುವುದನ್ನು ಇಷ್ಟು ಸರಳವಾಗಿ ವಿವರಿಸಿದ್ದು ನಾನು ಬೇರೆಲ್ಲೂ ಓದಿಲ್ಲ.

ಆದರೆ ಹಾಗೆ ಜೀನ್ ಕೆಟ್ಟಿರುವವರು ಕಡಿಮೆ. ಉಳಿದವರ ಬಿಪಿಯಲ್ಲಿ ನೂರಾರು ಜೀನ್‌ಗಳ ಪಾಲಿದೆ. 2018ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್ಎ ನೋಡಿದ ಅಧ್ಯಯನ ಲೆಕ್ಕ ಹಾಕಿದ್ದು 901 ಜಾಗ, ಒಂದೊಂದರ ಪ್ರಭಾವವೂ ಚೂರೇ ಚೂರು. ಅದರ ಮೇಲೆ ಉಪ್ಪು, ನಿದ್ದೆ, ತೂಕ, ವಯಸ್ಸು. ಒಂದು ಜಾಗ ನೋಡಿ ತೀರ್ಪು ಕೊಟ್ಟರೆ ಹೇಗೆ?

ಕೆಂಪಿಗಿಂತ ನನಗೆ ಹೆಚ್ಚು ಭಯ ಹಸಿರಿನದು. 'ಅಪಾಯ ಕಡಿಮೆ' ಅಂತ ಓದಿ ಯಾರಾದರೂ ಬಿಪಿ ಮಾತ್ರೆ ಬಿಟ್ಟರೆ? ದಯವಿಟ್ಟು ಬಿಡಬೇಡಿ. ಬಿಪಿ ತಿಳಿಯಬೇಕೆಂದರೆ ಆ ದುಡ್ಡಿಗೆ ತೋಳಿಗೆ ಕಟ್ಟುವ ಒಳ್ಳೆ ಮೆಷಿನ್ ತಗೊಳ್ಳಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ಚಿಕ್ಕ ಮಗುವಿಗೆ ತಡೆಯಲಾಗದ ಹಸಿವು, ತೂಕ ಬೇಗ ಏರುತ್ತಿದೆ ಅಂದರೆ ಜೀನ್ ಟೆಸ್ಟ್ ನಿಜವಾಗಿಯೂ ಬೇಕಾಗಬಹುದು, ಆದರೆ ಅದನ್ನು ಡಾಕ್ಟರ್ ಬರೆದುಕೊಡಬೇಕು.

ಕಸ್ಟಮರ್ ಕೇರ್‌ಗೆ ಇದನ್ನೆಲ್ಲ ಬರೆದೆ. 'ವೈದ್ಯರನ್ನು ಕೇಳಿ' ಅಂತ ಉತ್ತರ ಬಂತು. ಆ ಬಣ್ಣಗಳನ್ನು ತೆಗೆದು, 'ಇದರಿಂದ ಬಿಪಿ ಹೇಳಲು ಆಗುವುದಿಲ್ಲ' ಅಂತ ಒಂದು ಸಾಲು ಹಾಕಿದರೆ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.