ಹಳೆಯ ಅಂಗಿಯೋ, ಸೀರೆಯೋ, ಧೋತರವೋ: ಮಕ್ಕಳ ಬಟ್ಟೆಗೆ ಯಾವುದು ಒದಗುತ್ತದೆ?

ದೊಡ್ಡವರು ಉಟ್ಟು ಬಿಟ್ಟ ಬಟ್ಟೆಯಲ್ಲಿ ಮಕ್ಕಳಿಗೆ ಹೊಲಿಯುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ ಬಟ್ಟೆ ಎಲ್ಲಿ ಸವೆದಿದೆ ಎಂಬುದನ್ನು. ಅಂಗಿಯು ಕಾಲರಿನ ಮಡಿಕೆಯಲ್ಲಿ, ಮೊಣಕೈಯಲ್ಲಿ, ಕಂಕುಳಲ್ಲಿ ಹೋಗುತ್ತದೆ. ಸೀರೆಯು ಕೂರುವ ಭಾಗದಲ್ಲಿ ಮತ್ತು ನೆಲಕ್ಕೆ ತಾಗುವ ಅಂಚಿನಲ್ಲಿ ತೆಳ್ಳಗಾಗುತ್ತದೆ. ಉಳಿದ ಬಟ್ಟೆ ಇನ್ನೂ ವರ್ಷಗಟ್ಟಲೆ ಬಾಳುವಷ್ಟು ಗಟ್ಟಿಯಾಗಿರುತ್ತದೆ. ಮೂರು ವರ್ಷದ ಮಗಳಿಗೂ ತಂಗಿಯ ಕೈಗೂಸಿಗೂ ಇಂಥ ಬಟ್ಟೆಗಳನ್ನೇ ಹೊಲಿದು, ಒಗೆದು, ಮತ್ತೆ ಮತ್ತೆ ತೊಡಿಸಿ ನೋಡಿದ ಮೇಲೆ, ಯಾವ ಹಳೆಯ ಬಟ್ಟೆ ಯಾವುದಕ್ಕೆ ಒದಗುತ್ತದೆ ಎಂಬ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಮೂಡಿದೆ. ನಮ್ಮದು ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಅದರಲ್ಲಿ ನೇರ ಹೊಲಿಗೆಯ ಹೊರತು ಬೇರೇನೂ ಬೀಳುವುದಿಲ್ಲ. ಈ ಹೋಲಿಕೆಯನ್ನು ಓದುವಾಗ ಅದು ನೆನಪಿನಲ್ಲಿರಲಿ.

ನನ್ನ ಮೊದಲ ಆಯ್ಕೆ ಗಂಡಸರ ಉದ್ದ ತೋಳಿನ ಹತ್ತಿಯ ಅಂಗಿ. 40ರ ಅಳತೆಯ ಅಂಗಿಯಲ್ಲಿ ಭುಜದ ಪಟ್ಟಿಯ ಕೆಳಗೆ ಬೆನ್ನಿನ ತುಂಡು ಸುಮಾರು 22 ಇಂಚು ಅಗಲ ಸಿಗುತ್ತದೆ. ಮೂರು ವರ್ಷದ ಮಗುವಿನ ಎದೆಯ ಸುತ್ತಳತೆಯೇ ಹೆಚ್ಚುಕಡಿಮೆ ಅಷ್ಟಿರುವುದರಿಂದ, ಫ್ರಾಕಿನ ಮುಂಭಾಗಕ್ಕೆ ಅದೊಂದೇ ತುಂಡು ನೆರಿಗೆಗೂ ಮಿಗುವಷ್ಟು ಆಗುತ್ತದೆ. ಅಂಗಿಯ ಮುಂದಿನ ಎರಡು ತುಂಡುಗಳನ್ನು ಗುಂಡಿಪಟ್ಟಿಯ ಸಮೇತ ಮಗುವಿನ ಬೆನ್ನಿನ ಕಡೆಗೆ ತಿರುಗಿಸಿದರೆ ಕಾಜ ಮಾಡುವ ಕೆಲಸವೇ ಉಳಿಯುವುದಿಲ್ಲ. ನೇರ ಹೊಲಿಗೆಯ ಯಂತ್ರವಿದ್ದು ಪ್ರತಿ ಕಾಜವನ್ನೂ ಕೈಯಲ್ಲೇ ಕಟ್ಟಬೇಕಾದವರಿಗೆ ಇದು ಎಂಥ ಅನುಕೂಲ ಎಂಬುದು ಗೊತ್ತಿರುತ್ತದೆ. ಕೆಳಗಿನ ಅಂಚನ್ನು ಮೊದಲೇ ಮಡಿಚಿ ಹೊಲಿದಿರುವುದರಿಂದ ಅದನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ಮೊಣಕೈಯ ಮೇಲಿನ ತೋಳಿನ ಬಟ್ಟೆ ಫ್ರಾಕಿನ ತೋಳಿಗೂ ಕೊರಳಿನ ಓರೆಪಟ್ಟಿಗೂ ಸಾಕು.

ಎದೆಯ ಕಿಸೆಯೊಂದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದನ್ನು ಬಿಚ್ಚಿದರೆ ಅಡಿಯಲ್ಲಿ ಬಿಸಿಲು ಕಾಣದ ಬಟ್ಟೆ ಕಡು ಬಣ್ಣದ ಚೌಕವಾಗಿ ಎದ್ದು ಕಾಣುತ್ತದೆ, ಅದರ ಸುತ್ತ ಸೂಜಿಯ ತೂತುಗಳ ಸಾಲು ಬೇರೆ. ಎಷ್ಟು ಒಗೆದರೂ ಆ ಚೌಕ ಸುತ್ತಲಿನ ಬಣ್ಣಕ್ಕೆ ಹೊಂದುವುದಿಲ್ಲ. ಆದ್ದರಿಂದ ಕಿಸೆಯನ್ನು ಇದ್ದಲ್ಲಿಯೇ ಬಿಟ್ಟು ಅದರ ಸುತ್ತಲೇ ಕತ್ತರಿಸುವ ಜಾಗವನ್ನು ನಿರ್ಧರಿಸುವುದು ಲೇಸು. ಇನ್ನೊಂದು ಮಾತು: ಕಚೇರಿಗೆ ಹಾಕುವ ಎಷ್ಟೋ ಅಂಗಿಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಒಳಹೊಲಿಗೆಯಿಂದ ಒಂದು ಎಳೆಯನ್ನು ತೆಗೆದು ಸುಟ್ಟು ನೋಡಿದರೆ, ಹತ್ತಿಯಾದರೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗಂಟಾಗುತ್ತದೆ. ನಮ್ಮ ರಾಯಚೂರಿನ ಬೇಸಿಗೆಗೆ ಗಂಟಾಗುವ ಬಟ್ಟೆಯನ್ನು ನಾನು ಮಕ್ಕಳ ಮೈಗೆ ಹಾಕುವುದಿಲ್ಲ.

ಅಂಗಿಗೆ ಸರಿಸಾಟಿಯಾಗಿ ನಿಲ್ಲುವುದು ಹತ್ತಿಯ ಸೀರೆ. ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲದ ಬಟ್ಟೆ ಒಂದೇ ತುಂಡಾಗಿ ಸಿಗುವುದು, ಅಂಚನ್ನೇ ಫ್ರಾಕಿನ ಕೆಳಭಾಗಕ್ಕೆ ತಂದುಕೊಂಡರೆ ಬೇರೆ ಅಲಂಕಾರ ಬೇಡವಾಗುವುದು, ಒಗೆದು ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾಗಿರುವುದು, ಇವೆಲ್ಲ ಅದರ ಹೆಚ್ಚುಗಾರಿಕೆ. ಆದರೆ ಕತ್ತರಿ ಹಾಕುವ ಮುನ್ನ ಇಡೀ ಸೀರೆಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಎರಡು ಹೆಬ್ಬೆರಳುಗಳನ್ನು ಒತ್ತಟ್ಟಿಗಿಟ್ಟು ಬಟ್ಟೆಯನ್ನು ಇಬ್ಬದಿಗೆ ಎಳೆದಾಗ ಎಳೆಗಳು ಸರಿದು ಸಂದು ಬಿಟ್ಟರೆ ಆ ಭಾಗ ಹೊಲಿಗೆಯನ್ನು ತಡೆಯುವುದಿಲ್ಲ. ಸೆರಗಿನಲ್ಲಿ ಭುಜದ ಮೇಲೆ ಪಿನ್ನು ಚುಚ್ಚಿದ ಜಾಗವನ್ನೂ ಹೀಗೆಯೇ ಪರೀಕ್ಷಿಸಬೇಕು. ಇಳಕಲ್ ಸೀರೆಯಾದರೆ ಇನ್ನೊಂದು ಸಂಗತಿಯಿದೆ: ಅದರ ಸೆರಗಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಓಡುವ ಎಳೆಗಳು) ಬೇರೆ, ಒಡಲಿನ ಹಾಸು ಬೇರೆ, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿಯ ಒಡಲೂ ರೇಷ್ಮೆಯ ಸೆರಗೂ ನೀರಿಗೆ ಒಂದೇ ರೀತಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಆ ಜೋಡಣೆಯ ಗೆರೆ ಮಗುವಿನ ಬಟ್ಟೆಯ ನಡುವೆ ಬಾರದಂತೆ ನೋಡಿಕೊಳ್ಳುತ್ತೇನೆ.

ಎರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆ ಎಂದರೆ ನಿಸ್ಸಂದೇಹವಾಗಿ ಅಂಗಿ. ಅದರ ನೇಯ್ಗೆ ಒತ್ತಾಗಿರುವುದರಿಂದ ಮಗಳು ಮಣ್ಣಿನಲ್ಲಿ ಹೊರಳಿ ಕಟ್ಟೆ ಹತ್ತಿ ಇಳಿದರೂ ಕಂಕುಳ ಹೊಲಿಗೆ ಬಿಡಲಿಲ್ಲ. ಸೀರೆಯ ಫ್ರಾಕಿನಲ್ಲಿ ಮೊದಲು ಸೋಲುವುದು ಅದೇ ಜಾಗ. ಎದೆಯ ಭಾಗಕ್ಕೆ ಅದೇ ಬಟ್ಟೆಯ ಅಸ್ತರು ಕೊಟ್ಟ ಮೇಲೆ ಈ ತೊಂದರೆ ಬಹುಮಟ್ಟಿಗೆ ತಪ್ಪಿತು. ಆದರೆ ಏಪ್ರಿಲ್ ಮಧ್ಯಾಹ್ನ ಮಗಳು ತಾನಾಗಿ ಕೇಳಿ ಹಾಕಿಸಿಕೊಳ್ಳುವುದು ಸೀರೆಯ ಫ್ರಾಕನ್ನೇ. ಹೊರಗೆ ಆಡಲು ಅಂಗಿಯ ಬಟ್ಟೆ, ಮನೆಯೊಳಗೆ ಮತ್ತು ಮಲಗುವಾಗ ಸೀರೆಯ ಬಟ್ಟೆ ಎಂಬ ಹಂಚಿಕೆ ನಮ್ಮಲ್ಲಿ ಹಾಗೆ ನೆಲೆಯಾಗಿದೆ.

ಕೈಗೂಸಿನ ವಿಷಯಕ್ಕೆ ಬಂದರೆ ಇವೆರಡನ್ನೂ ಬದಿಗಿಟ್ಟು ನಾನು ಹಳೆಯ ಧೋತರವನ್ನೇ ತೆಗೆದುಕೊಳ್ಳುತ್ತೇನೆ. ಎಳೆಗೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ತೊಡಿಸುವ ರೂಢಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ, ಅದಕ್ಕೆ ತಕ್ಕ ಕಾರಣವೂ ಇದೆ: ಬಿಳಿಯ ಧೋತರದಲ್ಲಿ ಬಿಡುವ ಬಣ್ಣವಿಲ್ಲ, ಹೊಸ ಬಟ್ಟೆಯ ಗಂಜಿಯಿಲ್ಲ, ಬಿಸಿನೀರಿನಲ್ಲಿ ಕುದಿಸಿದರೂ ಅದು ಇನ್ನು ಕುಗ್ಗುವುದಿಲ್ಲ. ಜಬಲಾ, ಲಂಗೋಟಿ, ಕುಲಾವಿ ಎಲ್ಲಕ್ಕೂ ಅದು ಒಗ್ಗುತ್ತದೆ. ಹೊಲಿಗೆಯ ಅಂಚುಗಳನ್ನು ಹೊರಮುಖಕ್ಕೆ ಮಡಿಚಿದರೆ ಕೂಸಿನ ಮೈಗೆ ಒತ್ತುವುದಿಲ್ಲ. ಬಾಯಿಗೆ ಹೋಗಬಹುದಾದ ಗುಂಡಿಯನ್ನೂ ಕೊರಳಿಗೆ ಸುತ್ತಿಕೊಳ್ಳಬಹುದಾದ ಲಾಡಿಯನ್ನೂ ನಾನು ಇಡುವುದಿಲ್ಲ. ಮುಂಭಾಗವನ್ನು ಒಂದರ ಮೇಲೊಂದು ಬರುವಂತೆ ಕತ್ತರಿಸಿ ಮಗ್ಗುಲಲ್ಲಿ, ಸೊಂಟದ ಹತ್ತಿರ, ಗಿಡ್ಡ ಕಸೆಯನ್ನು ಕಟ್ಟುತ್ತೇನೆ.

ಟೀ ಶರ್ಟು ನೋಡಲು ಸುಲಭ, ಹೊಲಿಯಲು ಕಷ್ಟ. ಕತ್ತರಿಸಿದ ಕೂಡಲೇ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಬಟ್ಟೆ ಹಿಗ್ಗಿದರೂ ನೇರ ಹೊಲಿಗೆ ಹಿಗ್ಗದ ಕಾರಣ ತಲೆಯ ಮೇಲಿಂದ ಎಳೆಯುವಾಗ ದಾರ ಪಟಪಟನೆ ಹರಿಯುತ್ತದೆ. ತುದಿ ದುಂಡಗಿನ ಸೂಜಿಯೂ ಜಿಗ್‌ಜ್ಯಾಗ್ ಹೊಲಿಗೆಯೂ ಇದ್ದವರು ಧೈರ್ಯವಾಗಿ ಕೈಹಾಕಬಹುದು. ನಮ್ಮ ಯಂತ್ರದಲ್ಲಿ ಗೆದ್ದದ್ದು ಚಡ್ಡಿಯೊಂದೇ: ಅರ್ಧ ತೋಳುಗಳೆರಡೂ ಕೂಸಿನ ಚಡ್ಡಿಯ ಕಾಲುಗಳಾಗುತ್ತವೆ, ಅವುಗಳ ಅಂಚನ್ನು ಮುಟ್ಟಬೇಕಾಗಿಲ್ಲ, ಸೊಂಟಕ್ಕೆ ಇಲಾಸ್ಟಿಕ್ ಸೇರಿಸಿದರೆ ಆಯಿತು. ಜೀನ್ಸಿನ ದಪ್ಪ ಮಡಿಕೆಗಳಿಗೆ 16ರ ಸೂಜಿ ಬೇಕು, ಅಷ್ಟಾಗಿಯೂ ಚಿಕ್ಕ ಮಕ್ಕಳಿಗೆ ಅದು ಭಾರ. ನಾನು ಅದನ್ನು ಚೀಲಕ್ಕೆ ಬಿಟ್ಟಿದ್ದೇನೆ.

ರೇಷ್ಮೆ ಸೀರೆಯ ಲಂಗ ಎಲ್ಲರ ಆಸೆ. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕು. ಗೆರೆ ಗಟ್ಟಿಯಿದ್ದರೆ ಮಾತ್ರ ಮುಂದಿನ ಕೆಲಸ. ಮೈಸೂರು ರೇಷ್ಮೆಯ ಕ್ರೇಪು ಕತ್ತರಿಯಡಿ ಜಾರುವುದರಿಂದ ಅದನ್ನು ಹಳೆಯ ಹತ್ತಿಬಟ್ಟೆಯ ಮೇಲೆ ಹಾಸಿ, ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಸೇರಿಸಿಯೇ ಕತ್ತರಿಸುವುದು ನನಗೆ ಅನುಕೂಲವಾಯಿತು. ಆ ಹತ್ತಿಯೇ ಅಸ್ತರಾಗಿ ಉಳಿದು ಜರಿ ಮಗುವಿನ ಕಾಲಿಗೆ ಕೆರೆಯದಂತೆಯೂ ತಡೆಯಿತು. ಐದು ವರ್ಷದ ಹುಡುಗಿಗೆ ಸೊಂಟದಿಂದ ಪಾದದವರೆಗೆ ಸುಮಾರು 24 ಇಂಚು ಸಾಕು, ಸೀರೆಯ ಅಗಲ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಹೆಚ್ಚಿನದನ್ನೆಲ್ಲ ಕತ್ತರಿಸಿ ಹಾಕದೆ, ಅಂಚಿನ ಮೇಲ್ಗಡೆ ಒಂದೊಂದು ಇಂಚಿನ ಎರಡು ಮಡಿಕೆಗಳನ್ನು ಒಳಗೆ ಹೊಲಿದಿಟ್ಟರೆ, ಒಂದನ್ನು ಬಿಚ್ಚಿದಾಗಲೆಲ್ಲ ಲಂಗ ಎರಡಿಂಚು ಉದ್ದವಾಗುತ್ತದೆ.