ಊಡ್ನಡಟ್ಟಾ ಟ್ರ್ಯಾಕ್‌ಗೆ ಬಾಡಿಗೆ ಗಾಡಿ ತೆಗೆದುಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಅಡಿಲೇಡ್‌ನಲ್ಲಿ ಫೋರ್ ವೀಲ್ ಡ್ರೈವ್ ಬಾಡಿಗೆಗೆ ತೆಗೆದುಕೊಂಡು ಔಟ್‌ಬ್ಯಾಕ್ (ಆಸ್ಟ್ರೇಲಿಯಾದ ಜನವಿರಳ ಒಳನಾಡು) ಸುತ್ತುವ ಪ್ಲಾನ್ ಇರುವವರಿಗೆ ಈ ಬರಹ. ಮೆಲ್ಬರ್ನ್‌ನ ನಮ್ಮ ಕನ್ನಡದವರಲ್ಲೇ ಜುಲೈ ರಜೆಗೆ ಹೊರಟಿರುವ ಮನೆಗಳಿವೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಗಬೇಡಿ ಅಂತ ಖಂಡಿತ ಹೇಳುವುದಿಲ್ಲ. ಬಾಡಿಗೆ ಕಂಪನಿಯವರು ಬಾಯಲ್ಲಿ ಹೇಳಿದ ಒಂದು ಮಾತನ್ನೂ ನಂಬಿ ಟಾರು ರಸ್ತೆ ಬಿಡಬೇಡಿ, ಅಷ್ಟೇ.

ನಾವು ಹೋಗಿದ್ದು ಊಡ್ನಡಟ್ಟಾ ಟ್ರ್ಯಾಕ್‌ಗೆ. ಸೌತ್ ಆಸ್ಟ್ರೇಲಿಯಾದ ಮರ್ರೀ ಊರಿಂದ ಮಾರ್ಲಾವರೆಗೆ ಸುಮಾರು 620 ಕಿ.ಮೀ. ಮಣ್ಣು ದಾರಿ. ಹಳೆಯ ಘಾನ್ ರೈಲಿನ ಹಾದಿಯ ಪಕ್ಕದಲ್ಲೇ ಸಾಗುತ್ತದೆ. ಮಧ್ಯೆ ಲೇಕ್ ಐರ್ ಉಪ್ಪಿನ ಕೆರೆ, ಮರಳಿನೊಳಗಿಂದ ಬುಳುಬುಳು ಅಂತ ಏಳುವ ಬಬ್ಲರ್ ಬುಗ್ಗೆ, ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಬೆಚ್ಚನೆ ನೀರಿನ ತೊಟ್ಟಿ. ದಾರಿ ಒಣಗಿದ್ದಾಗ ಔಟ್‌ಬ್ಯಾಕ್ ಟ್ರ್ಯಾಕ್‌ಗಳಲ್ಲಿ ಇದು ಸುಲಭದ್ದು ಅಂತಲೇ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ.

ಬುಕ್ ಮಾಡುವಾಗಲೇ ಯಾವ ದಾರಿ ಅಂತ ಹೇಳಿದ್ದೆವು. ಗಾಡಿ ಕೊಡುವ ದಿನ ಕೌಂಟರ್‌ನಲ್ಲಿದ್ದ ಹುಡುಗ ಟೂರಿಸ್ಟ್ ಮ್ಯಾಪ್ ತೆಗೆದು, ಹಳದಿ ಹೈಲೈಟರ್‌ನಲ್ಲಿ ಮರ್ರೀಯಿಂದ ವಿಲಿಯಂ ಕ್ರೀಕ್‌ವರೆಗೆ ತಾನೇ ಗೆರೆ ಎಳೆದು, 'ಏನೂ ತೊಂದರೆ ಇಲ್ಲ, ಎಲ್ಲರೂ ಹೋಗ್ತಾರೆ' ಅಂದ. ಟ್ಯಾಬ್‌ನಲ್ಲಿ ಸಹಿ ಹಾಕಿಸಿಕೊಂಡ. ದಿನಕ್ಕಿಷ್ಟು ಅಂತ ಬೇರೆ ಬಾಡಿಗೆ ಕಟ್ಟಿ ಸ್ಯಾಟಲೈಟ್ ಫೋನೂ ತೆಗೆದುಕೊಂಡೆವು. ಐದು ಸಾವಿರ ಡಾಲರ್ ಬಾಂಡ್, ಅಂದರೆ ಗಾಡಿಗೆ ಇಡುವ ಠೇವಣಿ.

ಮರ್ರೀ ದಾಟಿದ ಮೇಲೆ ಮೊದಲ ಟೈರ್ ಹೋಯಿತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಗಿಬ್ಬರ್ ಅಂತ ಕರೆಯುವ ಚೂಪು ಕಲ್ಲುಗಳ ಬಯಲದು, ಟೈರಿನ ಪಕ್ಕ ಸೀಳಿಹೋಗಿತ್ತು. ಟ್ರೆಡ್‌ನಲ್ಲಿ, ಅಂದರೆ ನೆಲಕ್ಕೆ ತಾಗುವ ಭಾಗದಲ್ಲಿ, ತೂತಾದರೆ ಪ್ಲಗ್ ಹಾಕಬಹುದು, ಪಕ್ಕ ಸೀಳಿದರೆ ಅದು ಗುಜರಿಗೇ. ಗಾಳಿ ಇಳಿಸಿಕೊಂಡೇ ಓಡಿಸುತ್ತಿದ್ದೆವು. ಇಂಥ ಜಲ್ಲಿ ದಾರಿಗೆ 26–28 ಪಿಎಸ್‌ಐ ಹತ್ತಿರ ಇಟ್ಟು, ವೇಗ 80ರ ಒಳಗಿದ್ದರೆ ಟೈರ್ ಸ್ವಲ್ಪ ಬಗ್ಗಿ ಕಲ್ಲಿನ ಏಟು ತಡೆದುಕೊಳ್ಳುತ್ತದೆ. ಆದರೂ ಕೆಲವು ಸಲ ಹೋಗುತ್ತದೆ. ಇರಲಿ.

ನಿಜವಾದ ಕಥೆ ಶುರುವಾಗಿದ್ದು ಸ್ಪೇರ್ ಇಳಿಸುವಾಗ. ಅದು ಗಾಡಿಯ ಹಿಂಭಾಗದ ತಳದಲ್ಲಿ ಚೈನಿಗೆ ನೇತಾಡುತ್ತಿರುತ್ತದೆ. ಬಂಪರ್ ಮೇಲಿನ ತೂತಿನೊಳಗೆ ಉದ್ದನೆಯ ಕಡ್ಡಿ ತೂರಿಸಿ ತಿರುಗಿಸಿದರೆ ಇಳಿಯಬೇಕು. ತೂತಿನ ತುಂಬ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಚಮಚದ ಹಿಡಿಯಿಂದ ಕೆರೆದು ತೆಗೆದೆವು. ಇಳಿದ ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು. ಪ್ರತಿ ಟೈರ್ ಮೇಲೂ ಡಾಟ್ ಕೋಡ್ ಅಂತ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2314 ಅಂತಿದ್ದರೆ 2014ರ 23ನೇ ವಾರ ತಯಾರಾಗಿದ್ದು. ನಮ್ಮದೂ ಹೆಚ್ಚುಕಡಿಮೆ ಅದೇ ಕಾಲದ್ದು. ಬೇರೆ ದಾರಿ ಇರಲಿಲ್ಲ, ಹಾಕಿಕೊಂಡು ನಿಧಾನ ಹೊರಟೆವು. ಮಾರನೇ ದಿನ ವಿಲಿಯಂ ಕ್ರೀಕ್ ಇನ್ನೂ ದೂರವಿರುವಾಗಲೇ ಟ್ರೆಡ್ ಚರ್ಮ ಸುಲಿದ ಹಾಗೆ ಕಿತ್ತು ಬಂತು.

ಸ್ಯಾಟಲೈಟ್ ಫೋನ್ ಆನ್ ಮಾಡಿದರೆ ಸಿಮ್ ಚಾಲ್ತಿಯಲ್ಲಿಲ್ಲ ಅಂತ ಬಂತು! ಮೊಬೈಲ್‌ಗಳು ಸುಮ್ನೆ ಕ್ಯಾಮೆರಾ ಅಷ್ಟೇ. ಆ ಕಡೆ ಊರು ಬಿಟ್ಟರೆ ನೆಟ್‌ವರ್ಕ್ ಅನ್ನೋದೇ ಇಲ್ಲ, ಊರಲ್ಲಿ ಸಿಕ್ಕರೂ ಹೆಚ್ಚಾಗಿ ಟೆಲ್‌ಸ್ಟ್ರಾ ಕಂಪನಿಯದ್ದು ಮಾತ್ರ.

ಭಾವಮೈದುನ ನಡೆದು ಹೋಗಿ ಯಾರನ್ನಾದರೂ ಕರೆತರುತ್ತೇನೆ ಅಂತ ಬೂಟು ಕಟ್ಟಿದ. ಅವನ ಹೆಂಡತಿ ಗದರಿ ಕೂರಿಸಿದಳು. ಅದೇ ಸೀಮೆಯಲ್ಲಿ, ಲೇಕ್ ಐರ್‌ನ ಹ್ಯಾಲಿಗನ್ ಬೇ ಹತ್ತಿರ, 1998ರ ಡಿಸೆಂಬರ್‌ನಲ್ಲಿ (ಅಲ್ಲಿ ಅದು ಬೇಸಿಗೆ) ಆಸ್ಟ್ರಿಯಾದ ಜೋಡಿಯೊಂದರ ಬಾಡಿಗೆ ಗಾಡಿ ಮರಳಲ್ಲಿ ಹೂತುಹೋಗಿತ್ತು. ಅಲ್ಲೇ ನೀರಿನ ಟ್ಯಾಂಕ್ ಇತ್ತು. ಆ ಹೆಣ್ಣುಮಗಳು ವಿಲಿಯಂ ಕ್ರೀಕ್‌ಗೆ ನಡೆದು ಹೊರಟು ಬಿಸಿಲಿಗೆ ದಾರಿಯಲ್ಲೇ ಸತ್ತಳು. ನೀರಿದ್ದ ಕಡೆಗೆ ವಾಪಸ್ ಹೋದ ಜೊತೆಗಾರ ಬದುಕಿದ. 1963ರಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್ ಕಡೆ ಪೇಜ್ ಅನ್ನುವ ಕುಟುಂಬದ ಐದೂ ಜನ ಸತ್ತಿದ್ದೂ ಗಾಡಿ ಬಿಟ್ಟು ನೀರು ಹುಡುಕಿ ಹೋಗಿಯೇ. ನಮ್ಮದು ಚಳಿಗಾಲ ನಿಜ, ಆದರೂ ಗಾಡಿ ಬಿಟ್ಟು ಕದಲಬಾರದು. ಮೇಲಿನಿಂದ ನೋಡುವವರಿಗೆ ಕಾಣುವುದು ಗಾಡಿ, ಮನುಷ್ಯನಲ್ಲ. ಒಬ್ಬರಿಗೆ ದಿನಕ್ಕೆ 10 ಲೀಟರ್ ಲೆಕ್ಕದಲ್ಲಿ ನೀರು ತುಂಬಿಕೊಂಡಿದ್ದೆವು, ಆ ಚಿಂತೆ ಇರಲಿಲ್ಲ.

ನಮ್ಮನ್ನು ಉಳಿಸಿದ್ದು ಯುಎಚ್‌ಎಫ್ ರೇಡಿಯೋ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋ. ಹೈವೇಯವರೆಲ್ಲ ಕೇಳುವುದು ಚಾನೆಲ್ 40. ಬಿಟ್ಟು ಬಿಟ್ಟು ಕರೆಯುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕ್ಯಾರವಾನ್ ಎಳೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜ ಅಜ್ಜಿ ಉತ್ತರ ಕೊಟ್ಟರು. ವಿಲಿಯಂ ಕ್ರೀಕ್‌ಗೆ ಹೋಗಿ ಅವರೇ ಸುದ್ದಿ ಮುಟ್ಟಿಸಿದರು. ಸಂಜೆಯೊಳಗೆ ಗಾಡಿಯನ್ನು ಟ್ರಕ್ ಮೇಲೆ ಹೇರಿ ಊರು ಸೇರಿಸಿದ್ದಾಯಿತು. ಊರು ಅಂದರೆ ಒಂದು ಹೋಟೆಲ್, ಕ್ಯಾಂಪಿಂಗ್ ಜಾಗ, ವಿಮಾನ ಇಳಿಯುವ ಪಟ್ಟಿ, ಬೆರಳೆಣಿಕೆಯ ಜನ.

ನಮ್ಮ ಅಳತೆಯ ಟೈರ್ ಕೂಬರ್ ಪೀಡಿಯಿಂದ ಬರಬೇಕಿತ್ತು. ಅದೂ 160 ಕಿ.ಮೀ.ಗೂ ಜಾಸ್ತಿ ಮಣ್ಣು ದಾರಿ. ಅಷ್ಟರಲ್ಲಿ ಮಳೆ. ಹೆಚ್ಚೇನಲ್ಲ, ಅರ್ಧ ರಾತ್ರಿ ಬಿತ್ತು ಅಷ್ಟೇ. ಗದಗ, ನವಲಗುಂದದ ಕಡೆ ಮಳೆಗಾಲದಲ್ಲಿ ಎರೆಹೊಲ ತುಳಿದವರಿಗೆ ಗೊತ್ತಿರುತ್ತದೆ, ಹೆಜ್ಜೆ ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ ಭಾರವಾಗುವುದು. ಅಲ್ಲಿ ಅದು ಗಾಡಿಯ ಚಕ್ರಕ್ಕೆ ಆಗುತ್ತದೆ. ರಸ್ತೆ ಮುಚ್ಚಿದ ಬೋರ್ಡ್ ಬಿತ್ತು. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದೊಡ್ಡ ದಂಡ. ನಮ್ಮ ಕರಾರಿನ ಪ್ರಕಾರ ವಿಮೆಯೂ ಅಲ್ಲಿಗೇ ರದ್ದು. ರಾಜ್ಯ ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿಯನ್ನು ಪ್ರತಿದಿನ ಬೆಳಗ್ಗೆ ನೋಡಿಯೇ ಹೊರಡಿ. ಎರಡು ಮೂರು ದಿನ ಸುಮ್ನೆ ಕೂರುವಷ್ಟು ರಜೆ, ಅಕ್ಕಿ, ಬೇಳೆ ಇಟ್ಟುಕೊಳ್ಳಿ.

ಹೋಟೆಲ್ ಫೋನಿಂದ ಕಂಪನಿಯವರಿಗೆ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ 'ನಿಮಗೆ ಲಿಖಿತ ಅನುಮತಿ ಇದೆಯಾ?' ಕರಾರಿನ ಹದಿನೇಳನೇ ಪುಟದಲ್ಲಿ 'ದೂರದ ಟ್ರ್ಯಾಕ್‌ಗಳಿಗೆ' ಕಂಪನಿಯ ಲಿಖಿತ ಒಪ್ಪಿಗೆ ಬೇಕು ಅಂತ ಇತ್ತಂತೆ. ಹಳದಿ ಗೆರೆ ಎಳೆದ ಮ್ಯಾಪ್ ಲೆಕ್ಕಕ್ಕಿಲ್ಲವಂತೆ. ಟ್ರಕ್ ಖರ್ಚು, ಟೈರ್, ತಡವಾದ ದಿನಗಳ ಬಾಡಿಗೆ ಎಲ್ಲ ಸೇರಿ ಬಾಂಡ್ ಪೂರ್ತಿ ಮುರಿದುಕೊಂಡರು. ಕೆಲಸ ಮಾಡದ ಸ್ಯಾಟಲೈಟ್ ಫೋನಿನ ಬಾಡಿಗೆಯನ್ನೂ ಬಿಡಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಬೇರೆ ಕಂಪನಿಗಳ ಕರಾರುಗಳನ್ನೂ ಆಮೇಲೆ ತೆಗೆದು ಓದಿದೆ. 'ಪೂರ್ತಿ ಕವರ್' ಅಂತ ಜಾಸ್ತಿ ದುಡ್ಡು ಕಟ್ಟಿಸಿಕೊಂಡರೂ ಹಲವು ಕಡೆ ಗಾಡಿಯ ತಳಕ್ಕಾದ ಪೆಟ್ಟು, ನೀರು ದಾಟುವಾಗಿನ ಹಾನಿ, ಬೇರೆ ಗಾಡಿ ತಾಗದೆ ತಾನೇ ಮಗುಚಿಕೊಂಡಿದ್ದು, ಕತ್ತಲಾದ ಮೇಲೆ ಓಡಿಸಿದ್ದು ಅದರೊಳಗೆ ಬರುವುದಿಲ್ಲ. ಕಾಡಿನಿಂದ ಗಾಡಿ ಎಳೆದು ತರುವ ಖರ್ಚು ಕೂಡ. ಔಟ್‌ಬ್ಯಾಕ್‌ನಲ್ಲಿ ಆಗುವ ಅನಾಹುತಗಳು ಹೆಚ್ಚುಕಡಿಮೆ ಇವೇ ಅಲ್ವಾ? ಮತ್ತೆ ಕವರ್ ಯಾವುದಕ್ಕೆ?

ಆದ್ದರಿಂದ ಹೋಗುವ ಪ್ರತಿ ಟ್ರ್ಯಾಕ್‌ನ ಹೆಸರು ಬರೆದು ಮೇಲ್ ಕಳಿಸಿ, ಒಂದೊಂದಕ್ಕೂ ಹೌದು ಅಥವಾ ಇಲ್ಲ ಅಂತ ಉತ್ತರ ತರಿಸಿಕೊಳ್ಳಿ. 'ಮಣ್ಣು ರಸ್ತೆಗೆ ಅನುಮತಿ ಇದೆ' ಅನ್ನುವ ಉತ್ತರ ಸಾಲದು. ಸಿಂಪ್ಸನ್ ಮರುಭೂಮಿಗೆ ಹೋಗುವವರು ಇನ್ನೂ ಹುಷಾರು. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದನ್ನು ಮುಚ್ಚಿಯೇ ಇರುತ್ತಾರೆ. ತೆರೆದಿದ್ದಾಗಲೂ ಎಷ್ಟೋ ಬಾಡಿಗೆ ಗಾಡಿಗಳಿಗೆ ಅಲ್ಲಿಗೆ ಹೋಗಲು ಒಪ್ಪಿಗೆ ಸಿಗುವುದಿಲ್ಲ. ಗಾಡಿ ಪಡೆಯುವ ದಿನ ಅವರ ಅಂಗಳದಲ್ಲೇ ಸ್ಪೇರ್ ಇಳಿಸಿ ತೋರಿಸಿ ಅನ್ನಿ. ಡಾಟ್ ಕೋಡ್ ವಿಡಿಯೋ ಮಾಡಿಕೊಳ್ಳಿ. ಸಾಧ್ಯವಾದರೆ ಎರಡು ಸ್ಪೇರ್ ಕೇಳಿ. ಜ್ಯಾಕ್ ಕೆಳಗೆ ಹಾಕಲು ಒಂದು ಹಲಗೆ ಇರಲಿ, ಇಲ್ಲದಿದ್ದರೆ ಜಲ್ಲಿಯಲ್ಲಿ ಹೂತುಹೋಗುತ್ತದೆ. ಸ್ಯಾಟಲೈಟ್ ಫೋನಿಂದ ಅಲ್ಲೇ ನಿಮ್ಮ ಮೊಬೈಲ್‌ಗೊಂದು ಕಾಲ್ ಮಾಡಿ ನೋಡಿ. ಅದರ ಜೊತೆಗೆ 406 ಮೆಗಾಹರ್ಟ್ಸ್‌ನ ಪಿಎಲ್‌ಬಿ ಬೀಕನ್ (ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ) ಒಂದು ಕೊಂಡುಬಿಡಿ. ಅದಕ್ಕೆ ಸಿಮ್ಮೂ ಬೇಡ, ತಿಂಗಳ ಬಿಲ್ಲೂ ಇಲ್ಲ, ನೋಂದಣಿಯೂ ಉಚಿತ. ಆದರೆ ಅದು ಜೀವಕ್ಕೆ ಅಪಾಯವಿದ್ದಾಗ ಒತ್ತುವುದು, ಟೈರ್ ಹೋಗಿದ್ದಕ್ಕಲ್ಲ.

ಬಾಂಡನ್ನು ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ. ಸಾಮಾನ್ಯವಾಗಿ ಅದರಲ್ಲಿ ಹಣ ಹಿಡಿದಿಡುತ್ತಾರೆ ಅಷ್ಟೇ. ಡೆಬಿಟ್‌ನಲ್ಲಾದರೆ ಮೊದಲ ದಿನವೇ ನಿಮ್ಮ ಖಾತೆಯಿಂದ ದುಡ್ಡು ಹೋಗಿರುತ್ತದೆ. ನಾವು ರಾಜ್ಯದ ಗ್ರಾಹಕ ವ್ಯವಹಾರ ಇಲಾಖೆಗೆ ದೂರು ಕೊಟ್ಟೆವು. ಟೈರಿನ ಫೋಟೋ ಇದ್ದದ್ದರಿಂದ ಎರಡನೇ ಟೈರಿನ ದುಡ್ಡು ಮತ್ತು ಫೋನಿನ ಬಾಡಿಗೆ ವಾಪಸ್ ಬಂದಿವೆ. ಟ್ರಕ್ ಖರ್ಚಿನದ್ದು ಇನ್ನೂ ಎಳೆದಾಡುತ್ತಿದೆ.